ಹಿಟ್ಟಿನ ಕೋಲು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡುತ್ತಾ ಬಂದೆ. ಕೆಲಸದಲ್ಲಿದ್ದಾಗ ಕೆಲಸ ಹೋದೀತೆಂಬ ಭಯ. ನಿವೃತ್ತನಾದ ಮೇಲೆ, ಮೊದಲು ಅವನ ಮುಂದೆ ಕೂತು ಹೇಳಬೇಕು, ಕಾಗದ ಆಮೇಲೆ ಎಂಬ ನೆವ. ಈಗ ಆ ನೆವವೂ ಉಳಿದಿಲ್ಲ.

ಗೂಡಲೂರಿನಿಂದ ಸ್ವಲ್ಪ ದೂರದ ಒಂದು ಟೀ ಫ್ಯಾಕ್ಟರಿಯಲ್ಲಿ ನಾನು ಮೂವತ್ತನಾಲ್ಕು ವರ್ಷ ದುಡಿದೆ. ಫ್ಯಾಕ್ಟರಿಗೆ ಸ್ವಂತ ತೋಟವಿರಲಿಲ್ಲ. ಸುತ್ತಲಿನ ಸಣ್ಣ ಬೆಳೆಗಾರರಿಂದ ಹಸಿ ಎಲೆ ಕೊಂಡು ಪುಡಿ ಮಾಡುತ್ತಿದ್ದೆವು. ಕಡೆಯ ಹದಿನೆಂಟು ವರ್ಷ ನಾನು ಅಲ್ಲಿ ಟೀ ಮೇಕರ್ ಆಗಿದ್ದೆ. ಎಲೆ ಬಾಡುವುದರಿಂದ ಹಿಡಿದು ಪುಡಿ ಮೂಟೆಗೆ ಬೀಳುವ ತನಕ ಯಾವುದು ಎಷ್ಟು ಹೊತ್ತು ಆಗಬೇಕೆಂದು ಹೇಳುವವನು ಟೀ ಮೇಕರ್.

ಈಗ ಅಲ್ಲಿ ಮ್ಯಾನೇಜರ್ ಆಗಿರುವ ಹುಡುಗಿ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಹೊಸಬರು ಮೂರು ತಿಂಗಳು ನಿಲ್ಲುತ್ತಿಲ್ಲವಂತೆ. ಜಾರ್ಖಂಡಿನಿಂದ ಬಂದವರು ಹಬ್ಬಕ್ಕೆಂದು ಊರಿಗೆ ಹೋದರೆ ಹಿಂದಿರುಗುವುದಿಲ್ಲವಂತೆ. "ನಿಮ್ಮ ಕಾಲದಲ್ಲಿ ಇಪ್ಪತ್ತು ಇಪ್ಪತ್ತು ವರ್ಷ ಇರ್ತಿದ್ರಂತಲ್ಲ ಸಾರ್, ಹೇಗೆ ಉಳಿಸಿಕೊಂಡ್ರಿ? ಹೊಸದಾಗಿ ಸೇರೋ ಸೂಪರ್‌ವೈಸರುಗಳಿಗೆ ಓದೋಕೆ ನಾಲ್ಕು ಪುಟ ಬರೆದುಕೊಡಿ" ಎಂದಳು. ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿದು ಕೇಳಿದಳು. ನಾನು ಆಗಲಿ ಎಂದೆ. ಹೈಸ್ಕೂಲು ಓದಿದವನು ನಾನು, ಬರಹ ಚೆನ್ನಾಗಿರಲಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಗೂಡಲೂರು ಬಜಾರಿನಲ್ಲಿ ದಿನಸಿ ಅಂಗಡಿ ಇಟ್ಟವರು. ಅಂಗಡಿಗೆ ಅಣ್ಣಂದಿರು ಇದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನನ್ನು ಫ್ಯಾಕ್ಟರಿಗೆ ಸೇರಿಸಿದರು. ಮೊದಲು ಕೊಟ್ಟ ಕೆಲಸ ಎಲೆ ಬಾಡಿಸುವ ಮಾಳಿಗೆಯಲ್ಲಿ. ಉದ್ದುದ್ದನೆಯ ತೊಟ್ಟಿಗಳಲ್ಲಿ ಎಲೆ ಹರಡಿ ಕೆಳಗಿನಿಂದ ಫ್ಯಾನಿನ ಗಾಳಿ ಬಿಡುತ್ತಾರೆ. ಸಂಜೆ ಹರಡಿದ ಎಲೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿ, ಹಣ್ಣು ಸೀಬೆಯಂಥ ಒಂದು ವಾಸನೆ ಮಾಳಿಗೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಈಗಲೂ ಎಷ್ಟೋ ದಿನ ಬೆಳಿಗ್ಗೆ ಎಚ್ಚರವಾಗುವ ಮೊದಲು ಆ ವಾಸನೆ ಬರುತ್ತದೆ. ಎದ್ದು ಕೂತರೆ ನಮ್ಮ ಮನೆಯ ಗೋಡೆ, ಸೊಸೆ ಹಚ್ಚಿದ ಊದಿನಕಡ್ಡಿ.

ಆಗ ಟೀ ಮೇಕರ್ ಆಗಿದ್ದವರು ಬೆಳ್ಳಿ ಗೌಡರು. ಕೋತಗಿರಿ ಕಡೆಯ ಬಡಗ ಜನಾಂಗದವರು. ಬಿಳಿಯ ಮುಂಡಾಸು ಬಿಗಿದು ಫ್ಯಾಕ್ಟರಿಗೆ ಬಂದರೆ ಸಂಜೆ ಅದರ ಮೇಲೆ ಟೀ ಧೂಳಿನ ಕಂದು ಬಣ್ಣ ಕೂತಿರುತ್ತಿತ್ತು. ಎಲೆ ಹದವಾಗಿ ಹುಳಿಯಿತೋ ಇಲ್ಲವೋ ಎಂಬುದನ್ನು ಮೂಗಿನಿಂದಲೇ ಹೇಳುತ್ತಿದ್ದರು. ನನ್ನನ್ನು ಕಣ್ಣು ಮುಚ್ಚಿ ನಿಲ್ಲಿಸಿ, ಬಂತಾ, ಬಂತಾ ಎಂದು ಕೇಳುತ್ತಿದ್ದರು. ಒಮ್ಮೆ ನೆಗಡಿಯಾಗಿದ್ದಾಗ ನಾಚಿಕೆಗೆ ಹೇಳದೆ, ಬಂತು ಎಂದುಬಿಟ್ಟೆ. ಇಡೀ ಒಂದು ಪಾಳಿಯ ಎಲೆ ಹಸಿಹಸಿಯಾಗಿಯೇ ಡ್ರೈಯರ್‌ಗೆ ಹೋಯಿತು. ಅವರು ಬೈಯಲಿಲ್ಲ. ಆ ಪುಡಿಯಲ್ಲೇ ಮಾಡಿದ ಟೀಯನ್ನು ಒಂದು ವಾರ ನನಗೆ ಕುಡಿಸಿದರು.

ಅವರದೊಂದು ಅಭ್ಯಾಸ ನಮಗೆಲ್ಲ ತಮಾಷೆಯ ವಿಷಯವಾಗಿತ್ತು. ಬಾಡಿದ ಎಲೆಯನ್ನು ಕತ್ತರಿಸುವ ಯಂತ್ರಕ್ಕೆ ನಾವು ರೋಲರ್ ಎನ್ನುತ್ತೇವೆ. ಹಲ್ಲು ಕೊರೆದ ಎರಡು ಉಕ್ಕಿನ ಉರುಳೆಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ಒಂದು ಬೇಗ, ಒಂದು ನಿಧಾನ. ಮೇಲಿನಿಂದ ಬೀಳುವ ಎಲೆ ಅವುಗಳ ನಡುವೆ ಸಿಕ್ಕಿ ನುಚ್ಚಾಗಿ ಕೆಳಗಿನ ಬೆಲ್ಟಿಗೆ ಉದುರುತ್ತದೆ. ಉರುಳೆಗಳ ಬಾಯಿಯ ಮೇಲೆ ಬೋಲ್ಟು ಹಾಕಿ ಬಿಗಿದ ತಗಡಿನ ಮುಚ್ಚಳ. ಮಳೆಗಾಲದ ಎಲೆ ಸರಿಯಾಗಿ ಬಾಡುವುದಿಲ್ಲ. ಮುದ್ದೆಮುದ್ದೆಯಾಗಿ ಬಾಯಿಯ ಒಂದು ಪಕ್ಕಕ್ಕೆ ಸೇರಿಕೊಳ್ಳುತ್ತದೆ. ಆಗ ಬೆಳ್ಳಿ ಗೌಡರು ತಾವೇ ಬಂದು ಸ್ವಿಚ್ ಆರಿಸುತ್ತಿದ್ದರು. ಆರಿಸಿದರೂ ಉರುಳೆಗಳು ತಕ್ಷಣ ನಿಲ್ಲುವುದಿಲ್ಲ. ಆ ವೇಗಕ್ಕೆ ಇನ್ನೂ ತಿರುಗುತ್ತಲೇ ಇರುತ್ತವೆ. ಅವರು ಬಡಗ ಮಾತಿನಲ್ಲಿ ಗಟ್ಟಿಯಾಗಿ ಒಂದರಿಂದ ನಲವತ್ತರ ತನಕ ಎಣಿಸುತ್ತಿದ್ದರು. ನಲವತ್ತಾದ ಮೇಲೆಯೇ ಮುಚ್ಚಳದ ಬೋಲ್ಟಿಗೆ ಸ್ಪ್ಯಾನರ್. ಎಲೆ ಸರಿಸಿ, ಮುಚ್ಚಳ ಬಿಗಿದು, ಮತ್ತೆ ಸ್ವಿಚ್. ಮಳೆಗಾಲದಲ್ಲಿ ದಿನಕ್ಕೆ ಹತ್ತು ಹದಿನೈದು ಸಲ ಹೀಗೆ. ಹೊರಗೆ ಎಲೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅವರು ಎಣಿಕೆ ತಪ್ಪಿಸಿದ್ದನ್ನು ನಾನು ಕಾಣೆ.

ಅವರು ನಿವೃತ್ತರಾದರು. ನಾನು ಟೀ ಮೇಕರ್ ಆದೆ. ಮೊದಲ ಮಳೆಗಾಲದಲ್ಲೇ ಮುಚ್ಚಳ ಬಿಚ್ಚಿಸಿ ಗೋಡೆಗೆ ಒರಗಿಸಿ ಇಡಿಸಿದೆ. ಮಳೆ ಕಳೆಯುವ ತನಕ ಅದು ಅಲ್ಲೇ. ರೋಲರ್ ನಿಲ್ಲಿಸುವ ಹಾಗಿಲ್ಲ, ಓಡುತ್ತಿರುವಾಗಲೇ ಕೈಯಿಂದ ಎಲೆ ಹರಡಬೇಕು, ಉರುಳೆಯ ಬಾಯಿಗೆ ಒಂದು ಗೇಣು ಮೇಲೆಯೇ ಕೈ ಆಡಿಸಬೇಕು ಎಂದು ಹೇಳಿಕೊಟ್ಟೆ. ನಾನೇ ಮಾಡಿ ತೋರಿಸಿದೆ. ಹಾಗೆ ಮಾಡುವವನು ಪಳಗಿದ ಕೈ, ಹೆದರುವವನು ಮಾಳಿಗೆಗೆ ಹೋಗಿ ಎಲೆ ಹರಡಲಿ ಎಂಬ ಮಾತು ನನ್ನಿಂದಲೇ ಶುರುವಾಯಿತು. ಲಾರಿಗಳು ಕಾಯುವುದು ನಿಂತಿತು. ಓನರ್ ನನ್ನ ಬೆನ್ನು ತಟ್ಟಿದರು.

ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಮುಚ್ಚಳ ತನ್ನ ಜಾಗಕ್ಕೆ ಹೋಗುತ್ತಿತ್ತು. ಅವರು ಬರುವ ಸುದ್ದಿ ಎಲೆ ಲಾರಿಯವರ ಬಾಯಲ್ಲಿ ಒಂದು ಫ್ಯಾಕ್ಟರಿಯಿಂದ ಇನ್ನೊಂದಕ್ಕೆ ಅವರಿಗಿಂತ ಮೊದಲೇ ಬಂದು ಮುಟ್ಟುತ್ತಿತ್ತು. ಬೀರುವಿನಿಂದ ಬೂಟು, ಕೈಗವಸು, ಮೂಗಿಗೆ ಕಟ್ಟುವ ಬಟ್ಟೆ ಎಲ್ಲ ಹೊರಬರುತ್ತಿದ್ದವು. ಪುಡಿ ಜರಡಿ ಹಿಡಿಯುವ ಕೋಣೆಯಲ್ಲಿ ಸರೋಜಕ್ಕ ಎಂಬ ಹೆಂಗಸು ಇದ್ದಳು. ಸಿಲೋನಿನಿಂದ ಹಿಂದಿರುಗಿದ ತಮಿಳು ಕುಟುಂಬದವಳು, ನಮ್ಮ ಜೊತೆ ಇದ್ದು ಇದ್ದು ಕನ್ನಡ ಕಲಿತಿದ್ದಳು. ಆ ಕೋಣೆಯ ಧೂಳಿಗೆ ವರ್ಷವಿಡೀ ಕೆಮ್ಮುತ್ತಿದ್ದಳು. ಒಮ್ಮೆ ಇನ್‌ಸ್ಪೆಕ್ಟರ್ ಅವಳನ್ನು, ಇದನ್ನು ದಿನಾ ಕಟ್ಟಿಕೊಳ್ಳುತ್ತೀಯಾ ಎಂದು ಕೇಳಿದರು. "ನೀವು ಬರೋ ದಿನ ತಪ್ಪಿಸಿಲ್ಲ ಸಾರ್" ಎಂದಳು. ಅವರು ನಕ್ಕುಬಿಟ್ಟರು. ನಾವೂ ನಕ್ಕೆವು. ಸಂಜೆ ಎಲ್ಲ ಮತ್ತೆ ಬೀರುವಿಗೆ, ಮುಚ್ಚಳ ಗೋಡೆಗೆ.

ಇನ್ನು ಅವನ ವಿಷಯ. ಅವನು ರೋಲರ್ ನೋಡಿಕೊಳ್ಳುತ್ತಿದ್ದ ಆಳು. ಮಸಿನಗುಡಿಯವನು. ಕೆಲಸಕ್ಕೆ ಸೇರಿದ ದಿನ ಯಾರೋ ಊರು ಕೇಳಿದರು, ಅವನು ಹೇಳಿದ, ಅಂದಿನಿಂದ ಅದೇ ಅವನ ಹೆಸರಾಯಿತು. ಮಸಿನಗುಡಿ ಬಂದ, ಮಸಿನಗುಡಿ ಉಂಡನಾ, ಮಸಿನಗುಡಿಯನ್ನು ಕರಿ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಗುಮಾಸ್ತರಿಗೆ ಮಾತ್ರ ಗೊತ್ತಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನು ನನ್ನನ್ನು ಸಾರ್ ಎನ್ನುತ್ತಿದ್ದ, ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಫ್ಯಾಕ್ಟರಿಯಲ್ಲಿ ಅದೇ ರೂಢಿ.

ಮನೆ ಮಾತು ನಮ್ಮಿಬ್ಬರದೂ ಒಂದೇ ಆದ್ದರಿಂದ ಹತ್ತು ಗಂಟೆಯ ಟೀಗೆ ಅವನು ನನ್ನ ಬಾಗಿಲ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕಾಡಾನೆ ಅವರ ತೋಟದ ಹಲಸು ತಿಂದದ್ದು, ತೆಪ್ಪಕಾಡು ಕ್ಯಾಂಪಿನ ಒಂದು ಮುದಿ ಆನೆ ಮಾವುತನಿಗಿಂತ ಮೊದಲೇ ಊಟದ ಗಂಟೆಗೆ ಬಂದು ನಿಲ್ಲುವುದು, ಹೀಗೆ ಏನಾದರೂ. ಕುಡಿಯುವ ಮೊದಲು ಲೋಟವನ್ನು ಮೂಗಿನ ಹತ್ತಿರ ಹಿಡಿದು ಅಂದಿನ ಎಲೆಯ ಮೇಲೆ ಒಂದು ತೀರ್ಪು ಕೊಡುತ್ತಿದ್ದ. ಬಹಳ ಸಲ ಅವನದೇ ಸರಿಯಿರುತ್ತಿತ್ತು. ನನ್ನ ಕೆಲಸದ ವರ್ಷಗಳಲ್ಲಿ ಇನ್ನೊಮ್ಮೆ ಸಿಗಲಿ ಎಂದು ಬೇಡಿಕೊಳ್ಳುವುದು ಆ ಹತ್ತು ನಿಮಿಷಗಳನ್ನೇ.

ಮುಚ್ಚಳ ಬಿಚ್ಚಿದ ಎರಡನೆಯ ಮಳೆಗಾಲ ಅವನು ಊರಿನಿಂದ ಒಂದು ಕೋಲು ತಂದ. ರಾಗಿ ಹಿಟ್ಟು ತಿರುವುವ ಕೋಲಿನ ಹಾಗೆಯೇ ಇತ್ತು, ಆದರೆ ಎರಡರಷ್ಟು ಉದ್ದ, ತುದಿ ಅಗಲವಾಗಿ ಚಪ್ಪಟೆ. ಕಾಫಿ ಗಿಡದ ಕೊಂಬೆಯಲ್ಲಿ ಕೆತ್ತಿದ್ದು. ಗಟ್ಟಿ ಮರ, ಸಿಬಿರು ಏಳುವುದಿಲ್ಲ. ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಸವರಿ, ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡಿದ್ದ. ಅದರಿಂದ ದೂರ ನಿಂತೇ ಉರುಳೆಯ ಬಾಯಲ್ಲಿ ಎಲೆ ಹರಡುತ್ತಿದ್ದ. ಎಲ್ಲರಿಗೂ ನಗು. ಡ್ರೈಯರ್ ಮನೆಯವರು, "ಏನ್ ಮಸಿನಗುಡಿ, ಹಿಟ್ಟು ಬೆಂತಾ, ನಮಗೂ ಒಂದು ಮುದ್ದೆ ಕಟ್ಟು" ಎಂದು ಕಿಚಾಯಿಸಿದರೆ, "ಸಾರು ನಿಮ್ಮ ಮನೆಯಿಂದ ತಂದ್ರೆ ಕಟ್ತೀನಿ ಕನ" ಎನ್ನುತ್ತಿದ್ದ. ಒಂದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಪಾಳಿಯವನು ತನಗೂ ಒಂದು ಮಾಡಿಕೊಡು ಎಂದು ಅವನ ಬೆನ್ನು ಹತ್ತಿದ್ದ.

ನನಗೆ ಅದು ಇಷ್ಟವಾಗಲಿಲ್ಲ. ಯಾಕೆಂದು ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ. ಪಳಗಿದ ಕೈ ಬೇಕು ಎಂದು ನಾನು ಹೇಳಿಕೊಟ್ಟಿದ್ದೆ. ಎಲ್ಲರಿಗಿಂತ ಪಳಗಿದವನೇ ಕೈ ಹಾಕಲಾರೆ ಎಂದು ಕೋಲು ತಂದಿದ್ದ.

ಆ ಹೊತ್ತಿಗೆ ಕೊಯಮತ್ತೂರಿನ ವ್ಯಾಪಾರಿಯೊಬ್ಬರಿಂದ ದೂರು ಬಂತು. ಒಂದು ಮೂಟೆಯ ಪುಡಿಯಲ್ಲಿ ಮರದ ಸಿಬಿರು ಸಿಕ್ಕಿದೆ ಎಂದು ಅದನ್ನೇ ಕಾಗದದಲ್ಲಿ ಮಡಿಸಿ ಕಳಿಸಿದ್ದರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಮ್ಯಾನೇಜರ್ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ನಾನು ಅದನ್ನು ತೆಗೆದುಕೊಂಡು ನೇರ ರೋಲರ್ ಹತ್ತಿರ ಹೋದೆ. ನಿನ್ನ ಕೋಲಿನದು, ಇನ್ನು ಅದು ಒಳಗೆ ಬರಬಾರದು ಎಂದೆ. ಅವನು ಸಿಬಿರನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಕಾಫಿ ಮರ ಅಲ್ಲ ಸಾರ್. ನೋಡಿ, ಹಳದಿ ಅದೆ. ಹಲಸು."

"ಹಲಸೋ ಹುಣಸೆಯೋ. ಕೋಲು ಬೇಡ ಅಂದ್ರೆ ಬೇಡ."

"ಹಂಗಾರೆ ಮುಚ್ಚಳ ಹಾಕ್ಸಿ. ಇಲ್ದಿದ್ರೆ ಕೋಲು ಬುಡಿ. ಎರಡೂ ಬ್ಯಾಡ ಅಂದ್ರೆ ನೀವೇ ಬಂದು ಕೈ ಹಾಕಿ ಸಾರ್, ನಾ ವಸಿ ನಿಂತ್ಕಂಡು ನೋಡ್ತೀನಿ."

ಸುತ್ತ ಆರೇಳು ಜನ ಇದ್ದರು. ನಕ್ಕರು. ಅವನೂ ನಗುತ್ತಲೇ ಹೇಳಿದ್ದ, ಹಗೆಯೇನೂ ಇರಲಿಲ್ಲ. ನಾನು ತಿರುಗಿ ಬಂದೆ. ಅಂದು ಮನೆಯಲ್ಲಿ ಊಟ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಅವನ ಪಾಳಿ ಶುರುವಾಗುವ ಮೊದಲೇ ಹೋದೆ. ಕೋಲನ್ನು ಸ್ವಿಚ್‌ಬೋರ್ಡಿನ ಪಕ್ಕದ ಮೊಳೆಗೆ ನೇತುಹಾಕಿದ್ದ. ಹಿಡಿಯ ತುದಿಯಲ್ಲಿ ತೂತು ಕೊರೆದು ಕೆಂಪು ದಾರ ಕಟ್ಟಿದ್ದ. ತೆಗೆದುಕೊಂಡು ಹೋಗಿ ಡ್ರೈಯರ್‌ನ ಒಲೆಯ ಬಾಯಿ ತೆರೆದು ಸೌದೆಯ ಮೇಲೆ ಇಟ್ಟೆ. ಎಣ್ಣೆ ಕುಡಿದ ಮರ, ಮೊದಲು ಹೊಗೆಯಾಡಿತು, ಆಮೇಲೆ ಹತ್ತಿತು. ಒಲೆಯವನು ಸೌದೆ ತರಲು ಹೊರಗೆ ಹೋಗಿದ್ದ. ಯಾರೂ ನೋಡಲಿಲ್ಲ.

ಅವನು ಬಂದ. ಮೊಳೆ ನೋಡಿದ. ಸ್ವಿಚ್‌ಬೋರ್ಡಿನ ಹಿಂದೆ, ಬೆಲ್ಟಿನ ಕೆಳಗೆ, ಗೋಣಿಚೀಲಗಳ ಸಂದಿಯಲ್ಲಿ ಹುಡುಕಿದ. ನಾನು ಗಾಜಿನ ಕಿಟಕಿಯ ಈಚೆ ಕೂತು ನೋಡುತ್ತಿದ್ದೆ. ಕಡೆಗೆ ನನ್ನ ಬಾಗಿಲಿಗೆ ಬಂದು, ಕೋಲು ಏನಾದರೂ ಕಂಡಿರಾ ಸಾರ್ ಎಂದು ಕೇಳಿದ. ಎಲ್ಲಿ ಇಟ್ಟಿದ್ದೆಯೋ ಅಲ್ಲೇ ಇರಬೇಕಲ್ಲ ಎಂದೆ. ಇಲ್ಲೇ ಇಟ್ಟಿದ್ದೆ ಅಂತ ನೆನಪು, ಊರಿಗೆ ತಗೊಂಡು ಹೋಗಿ ಬುಟ್ಟು ಬಂದ್ನೋ ಏನೋ ಎಂದು ತಲೆ ಕೆರೆದುಕೊಂಡ. ಲೀಫ್ ರಾಶಿ ಬಿದ್ದಿದೆ, ಹೋಗು ಎಂದೆ. ಹೋದ.

ಹತ್ತು ಗಂಟೆಯ ಟೀ ಬರುವ ಹೊತ್ತು. ಹೊರಗೆ ಜೋರು ಮಳೆ. ರೋಲರ್ ಸದ್ದು ಕೇಳಿ ಕೇಳಿ ನಮಗೆ ಅದು ಸದ್ದೇ ಅಲ್ಲ. ಅದು ಒಂದು ಗಳಿಗೆ ತಗ್ಗಿದ್ದು ಮಾತ್ರ ಕೇಳಿಸಿತು. ನಾನು ಓಡಿದಾಗ ಸ್ವಿಚ್ ಆರಿಸಿದ್ದರು. ಉರುಳೆಗಳು ಇನ್ನೂ ತಿರುಗುತ್ತಿದ್ದವು. ನನ್ನ ಬಾಯಿಂದ ತಾನಾಗಿ ಎಣಿಕೆ ಬಂತು. ನಲವತ್ತು ಎಂದರೆ ಎಷ್ಟು ದೀರ್ಘ ಕಾಲವೆಂದು ನನಗೆ ಅಂದು ತಿಳಿಯಿತು.

ಬಲಗೈಯ ನಡುವಿನ ಮೂರು ಬೆರಳು ಹೋಗಿದ್ದವು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಎಲೆ ತರುವ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸರೋಜಕ್ಕನ ತಲೆವಸ್ತ್ರದಿಂದ ಕೈಗೆ ಸುತ್ತಿದ್ದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವನು ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಹೇಳುತ್ತಿದ್ದ. "ಎಲ್ಲಿ ಇಟ್ಟೆ ಅಂತಲೇ ನೆಪ್ಪಾಯ್ತಾ ಇಲ್ವಲ್ಲ ಸಾರ್."

ಆಗ ಹೇಳಬಹುದಿತ್ತು. ಡ್ರೈವರ್ ಇದ್ದಾನೆ ಎಂದು ಹೇಳಲಿಲ್ಲ.

ಅಪಘಾತ ಆದರೆ ಒಂದು ಪುಸ್ತಕದಲ್ಲಿ ಬರೆಯಬೇಕು. ಹೆಸರು, ತಂದೆಯ ಹೆಸರು, ಯಾವ ಯಂತ್ರ, ಎಷ್ಟು ಹೊತ್ತಿಗೆ, ಕಾರಣ. ಮ್ಯಾನೇಜರ್ ಅದನ್ನು ನನ್ನ ಮುಂದಿಟ್ಟು, ನೋಡಿ ಬರೆಯಿರಿ ಎಂದಷ್ಟೇ ಹೇಳಿ ಹೊರಗೆ ಹೋದರು. ಅವರು ನನಗೆ ಸುಳ್ಳು ಬರೆಯಲು ಹೇಳಿದರು ಎಂದು ನಾನು ಹೆಂಡತಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಅವರು ಹಾಗೆ ಹೇಳಿರಲಿಲ್ಲ. ಹಾಜರಿ ಪುಸ್ತಕ ನೋಡಿ ಅವನ ಪೂರ್ತಿ ಹೆಸರನ್ನು ಮೊದಲ ಬಾರಿಗೆ ಬರೆದೆ. ಕಾರಣ ಎಂಬಲ್ಲಿ, ನನಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಕೆಲಸಗಾರನು ಮುಚ್ಚಳವನ್ನು ತಾನೇ ತೆಗೆದು, ಎಚ್ಚರಿಕೆಯ ಮಾತು ಮೀರಿ, ಓಡುವ ಯಂತ್ರಕ್ಕೆ ಕೈ ಹಾಕಿದನು ಎಂದು ಬರೆದೆ. ಆ ಒಂದು ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯಿತು. ಇನ್‌ಸ್ಪೆಕ್ಟರ್ ಬಂದಾಗ ಮುಚ್ಚಳ ತನ್ನ ಜಾಗದಲ್ಲಿತ್ತು.

ಕೈ ಮಾಗಿದ ಮೇಲೆ ಅವನನ್ನು ಗೇಟಿನಲ್ಲಿ ಕೂರಿಸಿದೆವು. ಅದನ್ನು ನಾವು ದೊಡ್ಡ ಉಪಕಾರವೆಂದು ತಿಳಿದಿದ್ದೆವು. ಬೆಳಿಗ್ಗೆ ನಾನು ಬಂದರೆ ಎದ್ದು ಎಡಗೈಯಲ್ಲಿ ಸಲಾಂ ಮಾಡುತ್ತಿದ್ದ. ಹತ್ತು ಗಂಟೆಯ ಟೀಗೆ ಬಾಗಿಲ ಹತ್ತಿರ ಬರುವುದನ್ನು ನಿಲ್ಲಿಸಿದ. ಗೇಟು ಬಿಟ್ಟು ಬರಬಾರದಲ್ಲ ಸಾರ್ ಎಂದ. ಮೂರು ತಿಂಗಳಾದ ಮೇಲೆ ಒಂದು ದಿನ ಗೇಟಿನಲ್ಲಿ ಬೇರೆಯವನು ಇದ್ದ.

ಅಲ್ಲಿಂದ ಶುರುವಾಯಿತು ಜನ ಬಿಡುವುದು. ರೋಲರ್‌ನ ಎರಡನೇ ಪಾಳಿಯವನು ತಿರುಪ್ಪೂರಿಗೆ ಬನಿಯನ್ ಕಂಪನಿಗೆ ಹೋದ, ತಾಯಿಗೆ ಹುಷಾರಿಲ್ಲ ಎಂದ. ತಾಯಿ ಇದ್ದದ್ದು ಗೂಡಲೂರಿನಲ್ಲೇ. ಡ್ರೈಯರ್‌ನವನು ನಿಲಂಬೂರಿನ ಕಡೆ ರಬ್ಬರ್ ತೋಟಕ್ಕೆ ಹೋದ. ಫಿಟರ್ ಹೋದ. ಒಂದು ವರ್ಷದಲ್ಲಿ ಹಳಬರೆಂದು ಉಳಿದವರು ಅರ್ಧಕ್ಕಿಂತ ಕಡಿಮೆ. ಸಂಬಳ ಸಾಲದು, ಅದಕ್ಕೇ ಹೋಗುತ್ತಾರೆ ಎಂದು ನಾನು ಓನರಿಗೆ ಹೇಳಿದೆ. ಏರಿಸಿದರು. ಏರಿಸಿದ ತಿಂಗಳು ಇನ್ನಿಬ್ಬರು ಬಿಟ್ಟರು.

ಸರೋಜಕ್ಕ ಕೆಲಸ ಬಿಡುವ ಚೀಟಿ ತಂದಾಗ ನಾನು ಕೇಳಿದೆ. ನಿನಗೇನಕ್ಕ, ಇಷ್ಟು ವರ್ಷ ಇದ್ದವಳು, ಆ ರೋಲರ್ ನೋಡಿ ಹೆದರಿಕೆಯಾ ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿ ಮುಗಿಸಿ, ಆಮೇಲೆ ಮಾತಾಡಿದಳು.

"ರೋಲರ್ ಮೊದಲೂ ಇತ್ತು ಸಾರ್. ಧೂಳೂ ಇತ್ತು. ಇದ್ವಿ. ನೀವು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನು ಬರೆದಿದೀರಿ ಅಂತ ಗುಮಾಸ್ತರು ಎಲ್ಲರಿಗೂ ಓದಿ ಹೇಳಿದ್ರು. ಮುಚ್ಚಳ ಯಾರು ಬಿಚ್ಚಿಸಿದ್ದು ಅಂತ ನಮಗೆ ಗೊತ್ತಿಲ್ವಾ? ನಾಳೆ ನಾನು ಈ ಕೆಮ್ಮಲ್ಲೇ ಸತ್ತರೆ, ಮೂಗಿಗೆ ಬಟ್ಟೆ ಕೊಟ್ಟಿದ್ದೆವು, ಇವಳೇ ಕಟ್ಟಿಕೊಳ್ಳಲಿಲ್ಲ ಅಂತ ಬರೀತೀರಿ."

ನಾನು ಚೀಟಿಗೆ ಸಹಿ ಹಾಕಿದೆ. ಹೋಗುವಾಗ ಅವಳು, ಬರ್ತೀನಿ ಸಾರ್ ಎಂದು ಎಂದಿನ ಹಾಗೆಯೇ ಹೇಳಿದಳು.

ಹೊಸ ಸೂಪರ್‌ವೈಸರುಗಳು ಇದನ್ನು ಇನ್ನೊಮ್ಮೆ ಓದಬೇಕು. ಅಪಾಯದ ಕೆಲಸ ಎಂದು ಗೊತ್ತಿದ್ದೇ ಜನ ಬರುತ್ತಾರೆ. ಬಿದ್ದರೆ ನಮ್ಮನ್ನು ಎತ್ತುತ್ತಾರೆ, ಎತ್ತಲಾಗದಿದ್ದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ ಎಂಬುದೊಂದು ಇದ್ದರೆ ಇರುತ್ತಾರೆ. ನಮ್ಮ ಫ್ಯಾಕ್ಟರಿಯಲ್ಲಿ ಅದು ಇತ್ತು. ಬೆಳ್ಳಿ ಗೌಡರ ಎಣಿಕೆಯಲ್ಲಿ ಇತ್ತು. ನಾನು ಅದನ್ನು ಒಂದು ವಾಕ್ಯದಲ್ಲಿ ಕಳೆದೆ.

ಅಪಘಾತವಾದ ಮಳೆಗಾಲ ಕಳೆದು ಬಂದ ಜನವರಿಯಲ್ಲಿ, ಎಲೆ ಕಡಿಮೆಯಿರುವ ಕಾಲದಲ್ಲಿ, ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡಿಸಿದೆವು. ಬಡಗಿ ಜರಡಿಯ ಚೌಕಟ್ಟನ್ನು ತಿರುಗಿಸಿ ತೋರಿಸಿದ. ಒಳ ಅಂಚಿನಲ್ಲಿ ಉದ್ದಕ್ಕೆ ಸಿಬಿರು ಎದ್ದಿತ್ತು. ಹಲಸಿನ ಮರ, ಹಳದಿ.

ಬಡಗಿಗೆ ಹೊಸ ಚೌಕಟ್ಟು ಹಾಕಲು ಹೇಳಿದೆ. ಬೇರೆ ಯಾರಿಗೂ ಏನೂ ಹೇಳಲಿಲ್ಲ.

ಆಮೇಲೆ ನಾನು ಬದಲಾದೆ. ಮುಚ್ಚಳ ಬೋಲ್ಟು ಸಮೇತ ಹಾಕಿಸಿದೆ. ಎಣಿಕೆ ಮತ್ತೆ ಶುರುಮಾಡಿದೆ, ನನಗೆ ಬರುವ ಕನ್ನಡದಲ್ಲಿ. ಕೆಲವು ವರ್ಷಗಳ ನಂತರ ಹೊಸ ಯಂತ್ರ ಬಂತು. ಅದರ ಮುಚ್ಚಳ ಎತ್ತಿದರೆ ಕರೆಂಟು ತಾನೇ ನಿಲ್ಲುತ್ತದೆ, ಉರುಳೆಗಳಿಗೆ ಬ್ರೇಕೂ ಇದೆ. ಜರಡಿ ಕೋಣೆಗೆ ಧೂಳು ಎಳೆಯುವ ಫ್ಯಾನು ಹಾಕಿಸಲು ಓನರ್ ಜೊತೆ ಎರಡು ವರ್ಷ ಜಗಳವಾಡಿದೆ. ಮುಚ್ಚಳದ ಸಂದಿಯಿಂದ ತೂರಿಸಿ ಎಲೆ ಹರಡಲು ಗಟ್ಟಿ ನೈಲಾನಿನಲ್ಲಿ ಕೋಲು ಮಾಡಿಸಿದೆ. ಅಳತೆ ಬರೆದುಕೊಡಿ ಎಂದು ವರ್ಕ್‌ಶಾಪಿನವರು ಕೇಳಿದಾಗ ಕಾಗದದ ಮೇಲೆ ಚಿತ್ರ ಬಿಡಿಸಿದೆ. ಉದ್ದ ಹಿಡಿ, ಚಪ್ಪಟೆ ತುದಿ, ಹಿಡಿಯ ತುದಿಯಲ್ಲಿ ದಾರಕ್ಕೆ ತೂತು. ಒಂದೇ ಗೆರೆಯಲ್ಲಿ ಬಂತು.

ನಿಧಾನವಾಗಿ ಜನ ನಿಲ್ಲತೊಡಗಿದರು. ಸುತ್ತಲಿನ ಫ್ಯಾಕ್ಟರಿಗಳವರು ನೋಡಲು ಬಂದರು. ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಆ ಕೋಲನ್ನು ಎತ್ತಿ ತೋರಿಸಿ, ಇದು ನಿಮ್ಮದೇ ಯೋಚನೆಯಾ ಎಂದು ಮೈಕಿನಲ್ಲಿ ಕೇಳಿದರು. ನಾನು ಕೈ ಮುಗಿದೆ. ಜನ ಚಪ್ಪಾಳೆ ತಟ್ಟಿದರು. ಈಗಿನ ಮ್ಯಾನೇಜರ್ ನನ್ನನ್ನು ಹುಡುಕಿಕೊಂಡು ಬಂದದ್ದು ಆ ಶಾಲಿನ ಕತೆ ಕೇಳಿಯೇ.

ನಿವೃತ್ತನಾದ ಮರುವರ್ಷ ನಾನು ಮಸಿನಗುಡಿಗೆ ಹೋದೆ. ಹೇಳಿಯೇ ಬರಬೇಕೆಂದು ಹೊರಟಿದ್ದೆ. ತೆಪ್ಪಕಾಡಿನಲ್ಲಿ ಇಳಿದು ಜೀಪು ಹತ್ತಿದೆ. ಮಾವನಹಳ್ಳದ ರಸ್ತೆಯಲ್ಲಿ ಅವನ ಮನೆ ತೋರಿಸಿದರು. ಮುಂದೆ ಎರಡು ಹಸು, ಒಂದು ನುಗ್ಗೆ ಮರ. ಅವನು ಹಸುವಿಗೆ ನೀರು ಇಡುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಹೇಗಿದ್ದೀರಿ ಎಂದೆ. ಅವನು ನಕ್ಕುಬಿಟ್ಟ.

"ಇದ್ಯಾಕ ಸಾರ್ ಹೊಸ್ದಾಗಿ? ನೀನು ಅನ್ನಿ. ಇಲ್ದಿದ್ರೆ ಇನ್ಯಾರನ್ನೋ ಮಾತಾಡುಸ್ದಂಗಾಯ್ತದೆ."

ಜಗಲಿಯಲ್ಲಿ ಚಾಪೆ ಹಾಸಿದ. ಅವನ ಹೆಂಡತಿ ಟೀ ತಂದುಕೊಟ್ಟಳು. ಅವನು ಲೋಟವನ್ನು ಎಡಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದ. ಯಾವನೋ ಅವಸರದವನು ಮಾಡಿರೋದು, ಲೀಫ್ ಹುಳಿಯೋಕೇ ಬುಟ್ಟಿಲ್ಲ ಎಂದ. ಇಬ್ಬರೂ ನಕ್ಕೆವು. ಒಂದು ಗಳಿಗೆ ನಾನು ನನ್ನ ಬಾಗಿಲಲ್ಲಿದ್ದೆ, ಹತ್ತು ಗಂಟೆಯಾಗಿತ್ತು, ಏನೂ ನಡೆದಿರಲಿಲ್ಲ.

ಅವನು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದ. ಬೆಳ್ಳಿ ಗೌಡರು ತೀರಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. ಕೇಳಿ ಲೋಟವನ್ನು ಕೆಳಗಿಟ್ಟ. ಒಳಗೆ ಅಡುಗೆಮನೆಯಲ್ಲಿ ಅವನ ಹೆಂಡತಿ ನನಗೂ ಸೇರಿಸಿ ಹಿಟ್ಟಿಗೆ ಇಟ್ಟಿದ್ದಳು. ಮಡಕೆಯ ಮುಂದೆ ಕೂತು ಎರಡು ಕೈಯಲ್ಲಿ ಹಿಟ್ಟು ತಿರುವುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು. ಕೋಲು ಕಾಫಿ ಮರದ್ದು. ಎಡಗೈಯಲ್ಲಿ ಕೆತ್ತಿದ್ದಕ್ಕೋ ಏನೋ ಹಿಡಿ ಸ್ವಲ್ಪ ಸೊಟ್ಟಗಿತ್ತು. ಹಿಡಿಯ ತುದಿಯಲ್ಲಿ ಕೆಂಪು ದಾರ.

ನಾನು ನೋಡುತ್ತಿರುವುದನ್ನು ಅವನು ನೋಡಿದ.

"ಅದೇ ತರದ್ದು ಸಾರ್. ಆ ಕೋಲು ಆಮೇಲೇನಾದ್ರೂ ಸಿಕ್ತಾ? ಯಂತ್ರ ಬಿಚ್ಚಿದಾಗ, ಬೆಲ್ಟ್ ಕೆಳಗೆ, ಎಲ್ಲಾರ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

"ನಾನೇ ಎಲ್ಲೋ ಹಾಕ್ಬುಟ್ಟೆ. ಒಂದ್ ಕೋಲ ಜ್ವಾಪಾನ ಮಾಡ್ಕಳಾಕಾಗ್ನಿಲ್ಲ. ನನ್ ತಪ್ಪಿಗೆ ನಾ ಅನುಭವಿಸ್ದೆ ಬುಡಿ. ನಿಮ್ಮ ಹೆಸರಿಗೂ ಕೆಟ್ಟದ್ದು ಬಂತು ಆ ವರ್ಸ, ಅದೇ ಬ್ಯಾಸರ ನಂಗೆ."

ಅವನು ಅಷ್ಟೂ ವರ್ಷ ಬೆರಳುಗಳ ಲೆಕ್ಕವನ್ನು ತನ್ನ ಮರೆವಿನ ಮೇಲೆ ಹಾಕಿಕೊಂಡು ಬದುಕಿದ್ದ. ಅದನ್ನು ಇಳಿಸಲು ನನಗೆ ಒಂದು ವಾಕ್ಯ ಸಾಕಿತ್ತು. ಬೆಳಿಗ್ಗೆಯಿಂದ ಬಸ್ಸಿನಲ್ಲಿ ಅದನ್ನೇ ಜೋಡಿಸಿಕೊಂಡು ಬಂದಿದ್ದೆ. ಅವನು ನನಗಾಗಿ ಬೇಸರಪಟ್ಟದ್ದನ್ನು ಕೇಳಿದ ಮೇಲೆ ನಾಲಗೆ ಏಳಲಿಲ್ಲ. ಇಂದು ಹೇಳಿದರೆ ಈ ಟೀ, ಈ ಚಾಪೆ, ಈ ನಗು ಎಲ್ಲ ಇಲ್ಲಿಗೇ ಮುಗಿದುಹೋಗುತ್ತದೆ ಎನ್ನಿಸಿತು. ಅವನ ಭಾರಕ್ಕಿಂತ ನನ್ನ ಟೀ ನನಗೆ ದೊಡ್ಡದಾಯಿತು. ಹಿಟ್ಟು, ಸೊಪ್ಪಿನ ಸಾರು ಉಂಡು ಕೈ ತೊಳೆದೆ. ಜೀಪು ಹತ್ತುವಾಗ, ಮತ್ತೆ ಬರ್ತೀನಿ ಎಂದೆ. ಅವನು ಎಡಗೈ ಎತ್ತಿದ.

ಮತ್ತೆ ಹೋಗಲಿಲ್ಲ. ಮಳೆ ಎಂದೆ, ಮಂಡಿ ನೋವು ಎಂದೆ. ಈ ಸಲ ಆಷಾಢದಲ್ಲಿ ಹಳೆಯ ಡ್ರೈಯರ್‌ನವನು ನಿಲಂಬೂರಿನಿಂದ ಫೋನ್ ಮಾಡಿ, ಮಸಿನಗುಡಿ ಹೋಗಿಬಿಟ್ಟ ಅಣ್ಣಾ, ನಿಮಗೆ ತಿಳಿಯಿತಾ ಎಂದ. ಆಗಲೇ ಇಪ್ಪತ್ತು ದಿನವಾಗಿತ್ತಂತೆ.

ಮ್ಯಾನೇಜರಮ್ಮ, ನೀನು ಕೇಳಿದ ನಾಲ್ಕು ಪುಟ ಇವು. ಹೊಸಬರಿಗೆ ಕೊಡುವ ಮೊದಲು ಒಂದು ಕೆಲಸ ಮಾಡಬೇಕು. ಆಫೀಸಿನ ಒಳಕೋಣೆಯ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಹಸಿರು ರಟ್ಟಿನ ಹಳೆಯ ಅಪಘಾತ ಪುಸ್ತಕ ಇರಬೇಕು. ಅದರಲ್ಲಿ ನನ್ನ ಅಕ್ಷರದ ಒಂದು ಹಾಳೆ ಇದೆ. ಈ ಪುಟಗಳನ್ನು ಆ ಹಾಳೆಗೆ ಅಂಟಿಸು. ಮುಚ್ಚಳ ಬಿಚ್ಚಿಸಿದವನು ನಾನು. ಕೋಲು ಸುಟ್ಟವನು ನಾನು. ಈಗ ನಿಮ್ಮ ರೋಲರ್ ಪಕ್ಕದ ಮೊಳೆಗೆ ನೇತುಹಾಕಿರುವ ನೈಲಾನ್ ಕೋಲು ನನ್ನ ಯೋಚನೆಯಲ್ಲ. ಅದರ ಒಡೆಯನ ಹೆಸರನ್ನು ನಾನು ಜೀವನದಲ್ಲಿ ಒಂದೇ ಸಲ ಪೂರ್ತಿಯಾಗಿ ಬರೆದಿದ್ದೆ, ಸುಳ್ಳಿನ ಪಕ್ಕದಲ್ಲಿ. ಇದು ಎರಡನೆಯ ಸಲ.

ಮಸಿನಗುಡಿ, ಚಿಕ್ಕಮಾದನ ಮಗ ಪುಟ್ಟಬಸವ.